ಸೆಟ್ಟಿಂಗ್ ಅಳಿಯ

ಮನುಷ್ಯರಲ್ಲಿ ಒಂದು ತಳಿ ಇದೆ. ಎರಡು ವಸ್ತು ಒಂದರಂತೆ ಒಂದು ಇಲ್ಲದಿದ್ದರೆ ಇವರಿಗೆ ಉಂಡ ಅನ್ನ ಅರಗುವುದಿಲ್ಲ. ಹಿಂದೆ ಇವರೆಲ್ಲ ಮದುವೆ ಮನೆಯಲ್ಲಿ ಊಟದ ಎಲೆ ನೆಟ್ಟಗೆ ಹಾಕಿಸುತ್ತ, ಹೋಳಿಗೆಯ ಅಗಲ ನೋಡುತ್ತ ಓಡಾಡಿಕೊಂಡಿದ್ದರು. ಈಗ ಬೆಂಗಳೂರಿಗೆ ಹೋಗಿ ಮೊಬೈಲುಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಾರೆ. ಈ ತಳಿಯ ಅಪ್ಪಟ ಬೀಜ ನಮ್ಮ ಅಕ್ಕನ ಮಗ.

ಅವನ ಉದ್ಯೋಗ ಏನೆಂದು ನಮ್ಮೂರು ಹೊಸಹಳ್ಳಿಯಲ್ಲಿ ಯಾರಿಗೂ ಬಿಡಿಸಿ ಹೇಳಲು ಆಗಿಲ್ಲ. ನನಗೆ ತಿಳಿದದ್ದು ಇಷ್ಟು: ಯಾವುದೋ ಕಂಪನಿಯ ಸಾಮಾನು ತಲುಪಿಸುವ ಹುಡುಗರ ಕೈಯಲ್ಲಿ ಸಾವಿರಾರು ಫೋನುಗಳಿವೆ. ಒಂದೊಂದಕ್ಕೂ ವೈಫೈ, ಆ್ಯಪ್, ಪಾಸ್‌ವರ್ಡ್ ಹಾಕುತ್ತ ಕೂತರೆ ಈ ಯುಗಾದಿಗೆ ಹಿಡಿದದ್ದು ಬರುವ ಯುಗಾದಿಗೂ ಮುಗಿಯದು. ಅದಕ್ಕೇ ಇವನು ಒಂದು ಟೆಂಪ್ಲೇಟ್ ಮಾಡಿಡುತ್ತಾನೆ. ಯಾವ ಆ್ಯಪ್ ಇರಬೇಕು, ಯಾವುದು ಕೂಡದು, ಪರದೆ ಎಷ್ಟು ಹೊತ್ತಿಗೆ ಆರಬೇಕು, ಪಿನ್ ಎಷ್ಟು ಅಂಕಿಯದು, ಎಲ್ಲ ಅದರಲ್ಲೇ. ಹೊಸ ಆಂಡ್ರಾಯ್ಡ್ ಫೋನಿನ ಮೊದಲ ಪರದೆಯ ಮೇಲೆ ಒಂದೇ ಜಾಗದಲ್ಲಿ ಆರು ಸಲ ಬೆರಳು ಕುಟ್ಟಿದರೆ ಕ್ಯೂಆರ್ ಕೋಡ್ ಓದುವ ಕ್ಯಾಮೆರಾ ತೆರೆಯುತ್ತದೆ. ಕೋಡ್ ತೋರಿಸಿದರೆ ಸಾಕು, ಮಿಕ್ಕದ್ದನ್ನೆಲ್ಲ ಫೋನು ತಾನೇ ಇಳಿಸಿಕೊಂಡು ಕಂಪನಿಯ ಆಳಾಗಿಬಿಡುತ್ತದೆ. ಆಮೇಲೆ ಬೆಂಗಳೂರಲ್ಲಿ ಒಂದು ಸಾಲು ತಿದ್ದಿದರೆ ಅಷ್ಟೂ ಫೋನು ತಿದ್ದಿಕೊಳ್ಳುತ್ತವೆ.

ಬುದ್ಧಿವಂತರ ಕೆಲಸ, ಒಪ್ಪಿದೆ. 2021ರ ಮಾರ್ಚಿನಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಅಂಗನವಾಡಿಯವರು ಮಕ್ಕಳ ತೂಕ, ಎತ್ತರ ತುಂಬುತ್ತಾರಲ್ಲ, ಅದೂ ಕೂಡ್ಲಿಗಿಯಿಂದ ಕಾಶ್ಮೀರದವರೆಗೆ ಒಂದೇ ಪದ್ಧತಿ. ಇಷ್ಟು ದೊಡ್ಡ ದೇಶ ನಡೆಯಲು ನಮೂನೆ ಬೇಕು. ನನ್ನ ತಕರಾರು ಬೇರೆ. ಆ ನಮೂನೆ ಕೊಟ್ಟೂರು ತೇರಿಗೆಂದು ರಜೆ ಹಾಕಿ ಬಂದು ನಮ್ಮ ಮನೆ ಹೊಕ್ಕಿತು.

ನಾವೆಲ್ಲ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದೆವು. ಅಳಿಯ ಮೊರ ಹಿಡಿದು ಬಂದ. "ಎಲ್ಲಾರೂ ಫೋನ್ ಇದ್ರಾಗ ಹಾಕ್ರಿ." ಹಾಕಿದೆವು. ಸಂಜೆಗೆ ವಾಪಸು ಬಂದಾಗ ಎಲ್ಲವೂ ಅವಳಿ ಜವಳಿ.

ಮಿಕ್ಕದ್ದೆಲ್ಲ ನುಂಗಿಕೊಳ್ಳಬಹುದಿತ್ತು, ಪಿನ್ ಒಂದು ಗಂಟಲಿಗೆ ಸಿಕ್ಕಿತು. ಆರು ಅಂಕಿ. ತಿಂಗಳಿಗೊಮ್ಮೆ ಬದಲಾಗಬೇಕು. ಹಳೆಯದು ಮತ್ತೆ ಬರಕೂಡದು. ಬೆರಳಚ್ಚು ಇಡೋಣವೆಂದರೆ ನಮ್ಮಕ್ಕ ಶೇಂಗಾ ಸುಲಿದು, ಹುಣಸೆಹಣ್ಣು ಬಡಿದು ಬೀಜ ಬಿಡಿಸಿದ ಕೈಯವಳು. ಹೆಬ್ಬೆರಳಿನ ಗೆರೆ ಸವೆದು ಯಾವ ಕಾಲವಾಯಿತೋ. ಹೊಲದ ಸರ್ವೆ ನಂಬರು, ಎಮ್ಮೆ ಕೊಂಡ ರೇಟು, ಮಗನ ಎಸ್ಸೆಸ್ಸೆಲ್ಸಿ ಮಾರ್ಕು ಹೀಗೆ ಅವಳಿಗೆ ಬಾಯಿಪಾಠ ಇದ್ದ ಅಂಕಿಗಳೆಲ್ಲ ಸೊನ್ನೆ ಅಂಟಿಸಿಕೊಂಡು ಖರ್ಚಾಗಿ ಹೋದವು. ಕಡೆಗೆ ಗದಗಿನ ಶಾಬಾದಿಮಠದ ಕ್ಯಾಲೆಂಡರೇ ಗತಿ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಎಮ್ಮೆ ಕಟ್ಟಿಸಿದ ದಿನಗಳ ಪಕ್ಕ ಆಯಾ ತಿಂಗಳ ಹಾಳೆಯಲ್ಲಿ ಆಯಾ ತಿಂಗಳ ಪಿನ್ನು. ಅಮಾವಾಸ್ಯೆ ಯಾವತ್ತೆಂದು ನೋಡಲು ಬಂದ ನೆರೆಯವರಿಗೂ ಅದು ಕಣ್ಣಿಗೆ ಬೀಳುತ್ತದೆ. ಅಕ್ಕ ಕಟ್ಟೆಯ ಮೇಲೆ ಕೂತು ತಪ್ಪು ಒತ್ತಿದರೆ ಎದುರು ಮನೆಯಿಂದಲೇ ಕೂಗು: "ಯಕ್ಕಾ, ಅದು ಹೋದ ತಿಂಗಳದ್ದು! ಹಾಳೆ ತಿರುವಿಲ್ಲೇನು?" ಭದ್ರತೆ ಎಂದರೆ ಇದು. ಓಣಿಯೇ ಕಾವಲು.

ವಾಲ್‌ಪೇಪರೂ ಒಂದೇ ಬಣ್ಣ ಆದದ್ದರಿಂದ ಫೋನು ಅದಲುಬದಲಾಗಿ ಗೊಬ್ಬರದಂಗಡಿಯವನ ಸಾಲದ ಮಾತು ನನ್ನ ಹೆಂಡತಿಯ ಕಿವಿಗೆ ನೇರ ಬಿತ್ತು. ಆ ಕಥೆ ಬೇಡ. ಫೋನುಗಳನ್ನು ಗುಂಪು ಮಾಡುವಾಗ ನನ್ನನ್ನು 'ಹಿರಿಯರು' ಎಂಬ ಗುಂಪಿಗೆ ಸೇರಿಸಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದೆ, ಆ ಗುಂಪಿಗೆ ಇಟ್ಟ ದೊಡ್ಡಕ್ಷರ ಓದಲು ಹಿತವಾಗಿದೆ ಎಂದು ಯಾರಿಗೂ ಹೇಳಲಿಲ್ಲ. ವಿಳಾಸದ ಖಾನೆಯಲ್ಲಿ ಎಲ್ಲರಿಗೂ ಬಳ್ಳಾರಿ ಜಿಲ್ಲೆ ಎಂದೇ ತುಂಬಿದ್ದ. ಹರಪನಹಳ್ಳಿಯ ಚಿಕ್ಕವ್ವ ಬಿಟ್ಟಾಳೆಯೇ? ಬಳ್ಳಾರಿಯಲ್ಲಿದ್ದ ಅವರ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. "ಯಪ್ಪಾ, ನಾವು ಮನಿ ಬಿಟ್ಟು ಕದಲಿಲ್ಲ, ಮೂರು ಜಿಲ್ಲೆ ನೋಡಿ ಬಂದೀವಿ. ನೀ ಯಾಕ ಮತ್ತ ಹಿಂದಕ್ಕ ಕಳಿಸ್ತಿ?" ಅಳಿಯ ಆ ಖಾನೆಯನ್ನೇ ತೆಗೆದುಹಾಕಿದ.

ಅವನನ್ನು ಬೈಯಲು ನನಗೆ ಬಾಯಿ ಸಾಲದು. ಮೇಷ್ಟ್ರಾಗಿ ನಾನೂ ಅದನ್ನೇ ಮಾಡಿದವನು. ಬೋರ್ಡಿನ ಮೇಲೆ ರಜೆ ಅರ್ಜಿ ಬರೆಯುತ್ತಿದ್ದೆ: "ನನಗೆ ಜ್ವರ ಬಂದಿರುವ ಕಾರಣ ಒಂದು ದಿನ ರಜೆ ನೀಡಬೇಕಾಗಿ ವಿನಂತಿ." ಹುಡುಗರು ಅದನ್ನೇ ಇಳಿಸಿಕೊಂಡರು. ಶೇಂಗಾ ಕೀಳುವ ಕಾಲಕ್ಕೆ ಜ್ವರ, ಮೈಲಾರದ ಕಾರ್ಣಿಕಕ್ಕೆ ಜ್ವರ, ಅಕ್ಕನ ಮದುವೆಗೂ ಜ್ವರ. ಆ ಹುಡುಗರಲ್ಲಿ ಈ ಅಳಿಯನೂ ಒಬ್ಬ.

ಒಮ್ಮೆ ಅವನ ಲ್ಯಾಪ್‌ಟಾಪಿನಲ್ಲಿ ಇಣುಕಿದ್ದೆ. ನಮ್ಮ ಫೋನುಗಳ ಪಟ್ಟಿ ಸಾಲಾಗಿ ಇತ್ತು. ಅಕ್ಕನ ಹೆಸರಿಲ್ಲ, ಒಂದು ನಂಬರಿದೆ. ಎದುರಿಗೆ ಬ್ಯಾಟರಿ ಎಷ್ಟು, ಕೊನೆಯ ಸಂಪರ್ಕ ಯಾವಾಗ ಎಂದಿದೆ. ಬೆಳಗ್ಗೆ ಎದ್ದವನು ಮೊದಲು ಅದನ್ನು ನೋಡುತ್ತಾನಂತೆ. ಅವ್ವನ ಫೋನು ಏಳರೊಳಗೆ ಸದ್ದು ಮಾಡಿದ್ದರೆ ಎದ್ದಿದ್ದಾಳೆ, ಸುಪ್ರಭಾತ ಹಾಕಿದ್ದಾಳೆ ಎಂದು ಲೆಕ್ಕ. ನಮ್ಮ ಕಡೆಯ ಹುಡುಗರು ಮಳೆ ನಂಬಿ ಬದುಕಲಾಗದೆ ಊರು ಬಿಟ್ಟವರು. ಬಿಟ್ಟ ಊರನ್ನು ಇವನು ಹೀಗೆ ಕಾಯುತ್ತಾನೆ. ಫೋನಲ್ಲಿ "ಹೆಂಗದೀಯವ್ವಾ" ಎಂದು ಕೇಳಲು ಬಾರದವನಿಗೆ ಇದೇ ಬಂದೀತು.

ಅದಿರಲಿ, ಅದಕ್ಕೆಂದು ಬಯಲಾಟ ಬಂದ್ ಮಾಡುವುದೇ?

ಭಾವನಿಗೆ ಬಿಪಿ, ಬೇಗ ಮಲಗಲಿ ಎಂದು 'ಹಿರಿಯರು' ಗುಂಪಿಗೆ ರಾತ್ರಿ ಒಂಬತ್ತೂವರೆಗೆ ಯೂಟ್ಯೂಬ್ ನಿಲ್ಲಿಸಿದ್ದ. ಬಯಲಾಟ ನೆಟ್ಟಗೆ ಶುರುವಾಗುವುದೇ ಆ ಹೊತ್ತಿಗೆ. ದುರ್ಯೋಧನ ಗದೆ ಎತ್ತಿದ್ದ, ಪರದೆ ಕಪ್ಪಾಯಿತು: 'ನಿಮ್ಮ ನಿರ್ವಾಹಕರು ಇದನ್ನು ತಡೆದಿದ್ದಾರೆ.' ವಯಸ್ಸಿನಲ್ಲಿ ತಾನೇ ದುರ್ಯೋಧನನ ಪಾತ್ರ ಹಾಕಿದ ಭಾವ ಎದ್ದು ನಿಂತ. "ಬಸ್ಸಿನ ಕಂಡಕ್ಟರಿಗೆ ಇಲ್ಲೇನು ಕೆಲಸಲೇ?"

ನಾನು ಅಳಿಯನಿಗೆ ಫೋನ್ ಮಾಡಿದೆ. "ಹಂಗ ಬಾಯಿಮಾತಿಗೆ ತೆಗೆಯಾಕ ಬರಲ್ಲ ಮಾಮ. ಒಂದು ಫಾರಂ ಕಳಿಸ್ತೀನಿ, ತುಂಬ್ರಿ." ಫಾರಂ ಬಂತು. ವಿನಾಯಿತಿಗೆ ಕಾರಣ: ಕಚೇರಿ ಕೆಲಸ, ಪ್ರಯಾಣ, ಅನಾರೋಗ್ಯ. ಮೂರರಲ್ಲಿ ಒಂದನ್ನು ಒತ್ತಬೇಕು. ಬಯಲಾಟ ಎಂಬ ಕಾರಣವೇ ಇಲ್ಲ. ಭಾವ ನನ್ನ ಮುಖ ನೋಡಿದ. ಅನಾರೋಗ್ಯ ಒತ್ತಿ, ವಿವರದ ಜಾಗದಲ್ಲಿ 'ಜ್ವರ' ಎಂದು ಬರೆದೆ.

ಕೂಡಲೇ ಮಂಜೂರಾಯಿತು. ದುರ್ಯೋಧನ ಗದೆ ಇಳಿಸುವಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು.

"ಮಾಮ, ಅಪ್ಪಗ ಎಷ್ಟು ಡಿಗ್ರಿ ಐತೆ? ಬಸ್ ಸಿಕ್ರ ಈಗ್ಲೇ ಹೊಂಡ್ಲೇನು?"