ಡಿಮ್ಮು, ಡಿಪ್ಪು, ದೇವನೂರು

ಕಡೂರು ಸೀಮೆಯಲ್ಲಿ ಕಾರಿನ ಹೆಡ್‌ಲೈಟಿಗೆ ನಿಜವಾದ ಪರೀಕ್ಷೆ ನಡೆಯುವುದು ರಾಗಿ ಕೊಯ್ಲು ಮುಗಿದ ಮೇಲೆ. ಆಗ ನಮ್ಮ ಡಾಂಬರು ರಸ್ತೆಗಳೆಲ್ಲ ಕಣಗಳಾಗುತ್ತವೆ. ಹಗಲಲ್ಲಿ ರಾಗಿಯನ್ನೋ ಹುರುಳಿಯನ್ನೋ ಹಾಸಿದ್ದರೆ ಅದರ ಮೇಲೆ ಗಾಡಿ ಓಡಿಸುವುದು ಪರೋಪಕಾರ. ಕೂಲಿಯಿಲ್ಲದೆ ಒಕ್ಕಣೆ ಮಾಡಿಕೊಟ್ಟ ಪುಣ್ಯ ಚಕ್ರಕ್ಕೆ ಅಂಟುತ್ತದೆ. ರಾತ್ರಿಯ ಕತೆ ಬೇರೆ. ರಾಶಿಯನ್ನು ಒಂದು ಬದಿಗೆ ಎಳೆದು, ಕರೀ ಟಾರ್ಪಾಲು ಹೊದಿಸಿ, ಯಾರೂ ಹತ್ತಿಸದಿರಲಿ ಎಂದು ಸುತ್ತ ಕಲ್ಲಿಟ್ಟು ರೈತ ಮನೆಗೆ ಹೋಗಿ ಮಲಗಿರುತ್ತಾನೆ. ರಸ್ತೆಯೂ ಕಪ್ಪು, ಟಾರ್ಪಾಲೂ ಕಪ್ಪು, ಕಲ್ಲೂ ಕಪ್ಪು. ಅಲ್ಲಿಗೆ ಹೋದ ಬೆಳಕು ಸಾಲ ಕೊಟ್ಟ ದುಡ್ಡಿನಂತೆ, ವಾಪಸ್ ಬರುವುದಿಲ್ಲ.

ಅದನ್ನು ದಾಟಿದರೆ ಒಂಟಿಕಣ್ಣಿನ ಟ್ರ್ಯಾಕ್ಟರು. ದೂರದಿಂದ ಬೈಕಿರಬೇಕು ಅಂದುಕೊಂಡು ಬೈಕಿಗೆ ಸಾಲುವಷ್ಟೇ ಜಾಗ ಬಿಟ್ಟಿರುತ್ತೀರಿ. ಹತ್ತಿರ ಬಂದಾಗ ಹಿಂದೊಂದು ಟ್ರೈಲರು, ಟ್ರೈಲರಿನ ಎರಡೂ ಮಗ್ಗುಲಿಗೆ ಚಾಚಿಕೊಂಡ ಹುಲ್ಲಿನ ಹೊರೆ. ಉರಿಯುತ್ತಿರುವ ಕಣ್ಣು ಎಡಗಡೆಯದೋ ಬಲಗಡೆಯದೋ ಎಂಬುದರ ಮೇಲೆ ನಿಮ್ಮ ಆಯಸ್ಸು ನಿಂತಿದೆ. ಇನ್ನು ಎಮ್ಮೆ. ಎದುರಿಗೆ ಬಂದರೆ ಕಣ್ಣು ಹೊಳೆದು ಗೊತ್ತಾಗುತ್ತದೆ. ಆದರೆ ಎಮ್ಮೆಗಳು ಸಾಮಾನ್ಯವಾಗಿ ಬೆನ್ನು ತೋರಿಸಿಕೊಂಡೇ ನಡೆಯುತ್ತವೆ, ಅವುಗಳ ಹಿಂಭಾಗಕ್ಕೆ ರಿಫ್ಲೆಕ್ಟರ್ ಅಂಟಿಸಬೇಕೆಂಬ ಕಾನೂನು ಇನ್ನೂ ಬಂದಿಲ್ಲ.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಒಂದು ಲಾಟೀನು ತೂಗಾಡುತ್ತಿತ್ತು. ಅದು ಗಾಡಿ ಹೊಡೆಯುವವನಿಗೆ ದಾರಿ ತೋರಿಸಲಿಕ್ಕಲ್ಲ. ಬೇರೆಯವರಿಗೆ ಗಾಡಿಯನ್ನು ತೋರಿಸಲಿಕ್ಕೆ. ದಾರಿ ಎತ್ತುಗಳಿಗೆ ಗೊತ್ತಿತ್ತು, ಯಜಮಾನ ನಿದ್ದೆ ಹೊಡೆಯುತ್ತಿದ್ದ. ಆಮೇಲೆ ಮೊಪೆಡ್ಡುಗಳು ಬಂದವು. ಎಂಜಿನ್ ಜೋರಾಗಿ ತಿರುಗಿದರೆ ದೀಪ ಜೋರು, ನಿಧಾನ ಮಾಡಿದರೆ ಬೀಡಿಯ ತುದಿಯಷ್ಟು ಕೆಂಪು. ಗುಂಡಿ ಕಾಣಬೇಕಾದರೆ ವೇಗ ಹೆಚ್ಚಿಸಬೇಕು, ವೇಗ ಹೆಚ್ಚಿಸಿದರೆ ಕಾಣುವಷ್ಟರಲ್ಲಿ ಗುಂಡಿಯ ಒಳಗಿರುತ್ತೀರಿ. ಅನುಭವಸ್ಥರು ಒಮ್ಮೆ ಆಕ್ಸಿಲರೇಟರ್ ತಿರುವಿ, ಮಿಂಚಿನಲ್ಲಿ ನೋಡುವ ಹಾಗೆ ಒಂದು ಕ್ಷಣ ರಸ್ತೆ ನೋಡಿಕೊಂಡು, ಮಿಕ್ಕದ್ದನ್ನು ನೆನಪಿನ ಮೇಲೆ ಓಡಿಸುತ್ತಿದ್ದರು. ಈಗ 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಿಗೆ ಹಗಲಲ್ಲೂ ದೀಪ ಆರುವುದೇ ಇಲ್ಲ. ಆದರೂ ನಮ್ಮ ಹಿರಿಯರು ಅರಳಿಕಟ್ಟೆಯ ಮೇಲಿಂದ ಐದು ಬೆರಳು ಅರಳಿಸಿ ಮುಚ್ಚಿ, ದೀಪ ಉರಿಯುತ್ತಿದೆ ಎಂದು ಸನ್ನೆ ಮಾಡುವುದನ್ನು ಬಿಟ್ಟಿಲ್ಲ. ಸವಾರರೂ ತಲೆಯಾಡಿಸಿ ಹೋಗುತ್ತಾರೆ. ಕಾನೂನು ವಿವರಿಸುತ್ತ ನಿಂತರೆ ಊರು ಸೇರುವುದು ಯಾವಾಗ?

ನನ್ನ ಕಾರಿನ ಬೆಳಕು ಸಾಲದು ಎಂದು ಮೊದಲು ತೀರ್ಮಾನಿಸಿದವನು ಅಣ್ಣನ ಮಗ. "ಏನ್ ಚಿಕ್ಕಪ್ಪ, ಇದು ಲೈಟಾ? ಊದುಬತ್ತಿ ಹಚ್ಕಂಡು ಬಂದಂಗಿದೆ" ಎಂದ. ಉಪಮಾಲೋಲನೆಂದು ಹೆಸರಾದ ಕವಿ ಲಕ್ಷ್ಮೀಶನ ದೇವನೂರು ನಮ್ಮೂರು. ಲಕ್ಷ್ಮೀಕಾಂತನ ಗುಡಿಯ ಸುತ್ತಮುತ್ತ ಹುಟ್ಟಿದವರ ಬಾಯಲ್ಲಿ ಉಪಮೆಗೆ ಬರವಿಲ್ಲ. ಈ ಅಣ್ಣನ ಮಗ ತನ್ನ ಹಳೇ ಕಾರಿಗೆ ಆನ್‌ಲೈನಿನಲ್ಲಿ ತರಿಸಿದ ಎಲ್‌ಇಡಿ ಬಲ್ಬು ಸಿಕ್ಕಿಸಿದ್ದ. ಹಾಕಿದ ರಾತ್ರಿ ಕೇರಿಯ ನಾಯಿಗಳೆಲ್ಲ ಬೆಳಗಾಯಿತೆಂದು ಎದ್ದವು. ಗೋಡೆ ಬೆಳ್ಳಗೆ, ಮರ ಬೆಳ್ಳಗೆ, ಎದುರಿನವನ ಮುಖ ಅದಕ್ಕಿಂತ ಬೆಳ್ಳಗೆ. ರಸ್ತೆ ಮಾತ್ರ ಮೊದಲಿನಷ್ಟೇ.

ಇದರ ಗುಟ್ಟು ಬಲ್ಬಿನ ಹೊಟ್ಟೆಯಲ್ಲಿದೆ. ಸಾಮಾನ್ಯ ಕಾರುಗಳ ಎಚ್4 ಬಲ್ಬಿನಲ್ಲಿ ಎರಡು ತಂತಿ. ಹೈ ಬೀಮಿಗೆ 60 ವ್ಯಾಟು, ಡಿಪ್ಪಿಗೆ 55. ಡಿಪ್ಪಿನ ತಂತಿಯ ಕೆಳಗೆ ಬೊಟ್ಟಿನ ಉಗುರಿಗಿಂತ ಚಿಕ್ಕದೊಂದು ತಗಡಿನ ದೊನ್ನೆ ಇರುತ್ತದೆ. ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಹಾಗಾಗಿ ಹಿಂದಿನ ಕನ್ನಡಿಯಂಥ ಡೂಮಿನ ಮೇಲರ್ಧಕ್ಕೆ ಮಾತ್ರ ಬೆಳಕು ತಾಗಿ, ರಸ್ತೆಯ ಕಡೆಗೆ ಇಳಿಯುತ್ತದೆ. ಆ ದೊನ್ನೆಯ ಒಂದು ಅಂಚು ತುಸು ವಾರೆ. ಅದರಿಂದ ಬೆಳಕಿನ ಗೆರೆ ಎಡಕ್ಕೆ ಸ್ವಲ್ಪ ಏರಿ ರಸ್ತೆಯಂಚಿನ ಮನುಷ್ಯನನ್ನು ತೋರಿಸುತ್ತದೆ, ಬಲಕ್ಕೆ ತಗ್ಗಿ ಎದುರಿನವನ ಕಣ್ಣು ಕಾಯುತ್ತದೆ. ಇಡೀ ಡೂಮು ಆ ತಂತಿ ಇರುವ ಜಾಗದ ಲೆಕ್ಕದ ಮೇಲೆ ಎರಕವಾದದ್ದು. ಅಗ್ಗದ ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಸಾಕು. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಓಲೆ ನೆನಪಿಸಿಕೊಳ್ಳಿ: ಒಂದಕ್ಷರ ಬದಲಾಗಿ, ವಿಷ ಕೊಡಬೇಕಾದವನಿಗೆ ವಿಷಯೆ ಎಂಬ ಹುಡುಗಿಯನ್ನೇ ಕೊಟ್ಟರು. ಇಲ್ಲಿ ಮದುವೆಯ ಯೋಗವಿಲ್ಲ. ರಸ್ತೆಗೆ ಸೇರಬೇಕಾದ ಬೆಳಕು ನೇರ ಎದುರಿನ ಡ್ರೈವರನ ಕಣ್ಣಿಗೆ.

ಅವನೇನು ಮಾಡುತ್ತಾನೆ? ಸೇಡಿಗೆ ತಾನೂ ಹೈ ಬೀಮ್ ಹಾಕುತ್ತಾನೆ. ಇಬ್ಬರೂ ಕುರುಡರಾಗಿ ಒಬ್ಬರನ್ನೊಬ್ಬರು ದಾಟುತ್ತಾರೆ, ನಡುವೆ ಯಾರದೋ ಹುರುಳಿ ರಾಶಿ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಇಂಥ ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಹೊರಟಾಗ ಅಣ್ಣನ ಮಗ ಹಳೇ ಬಲ್ಬನ್ನು ಹುಡುಕಿ ತೆಗೆದ. ಎಮ್ಮೆಗಳ ಮೇಲಿನ ಕರುಣೆಯಿಂದ ಎಂದು ಅವನು ಹೇಳುತ್ತಾನೆ.

ಚಿಕ್ಕಮಗಳೂರಿನ ಘಾಟಿಯ ಮಂಜಿಗೆ ಹಳದಿ ಬಲ್ಬೇ ಸರಿ, ಹಳದಿ ಮಂಜನ್ನು ಸೀಳುತ್ತದೆ ಎಂದು ಇನ್ನೊಂದು ಪಕ್ಷ. ಫ್ರಾನ್ಸಿನಲ್ಲಂತೂ 1993ರವರೆಗೆ ಕಾರುಗಳ ಹೆಡ್‌ಲೈಟೆಲ್ಲ ಹಳದಿಯೇ. ಆದರೆ ಮಂಜಿನ ಹನಿಗಳಿಗೆ ಬಣ್ಣದ ಭೇದವಿಲ್ಲ. ಎಲ್ಲ ಬಣ್ಣವನ್ನೂ ಒಂದೇ ರೀತಿ ಚೆದರಿಸುತ್ತವೆ. ಫಾಗ್ ಲ್ಯಾಂಪಿನ ಶಕ್ತಿ ಅದು ಬಂಪರಿನ ತಗ್ಗಿನಲ್ಲಿ ಕೂತು ನೆಲಕ್ಕೆ ಅಗಲವಾಗಿ ಬೆಳಕು ಹಾಸುವುದರಲ್ಲಿದೆ.

ನಾನು ನಂಬಿದ್ದು ಕಡೂರಿನ ಒಬ್ಬ ಎಲೆಕ್ಟ್ರಿಷಿಯನ್ನನನ್ನು. ಅವನು ಬಲ್ಬನ್ನು ಮುಟ್ಟಲೇ ಇಲ್ಲ. ಮೀಟರಿನ ಎರಡು ಕಡ್ಡಿ ಹಿಡಿದು ಬ್ಯಾಟರಿಯ ಮೇಲೊಮ್ಮೆ, ಹೋಲ್ಡರಿನ ಮೇಲೊಮ್ಮೆ ಇಟ್ಟ. "ನೋಡಿ ಸಾರ್, ಕರೆಂಟು ದಾರೀಲೇ ಖರ್ಚಾಗ್ತಿದೆ." ಎರಡು ಬಲ್ಬಿಗೆ ಸುಮಾರು ಹತ್ತು ಆಂಪಿಯರ್ ಕರೆಂಟು ಹಳೇ ಸ್ವಿಚ್ಚು, ಸಣ್ಣ ವೈರು, ತುಕ್ಕು ಹಿಡಿದ ಅರ್ತಿನ ಮೂಲಕ ತೆವಳಬೇಕು. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ಇಳಿಯುವುದು ಹತ್ತಲ್ಲ, ಹತ್ತಿರ ಹತ್ತಿರ ಮೂವತ್ತು. ಅವನು ದಪ್ಪ ವೈರೆಳೆದು ರಿಲೇ ಕೂರಿಸಿದ. ಬ್ಯಾಟರಿಯಿಂದ ಬಲ್ಬಿಗೆ ನೇರ ದಾರಿ. ಹಳೇ ಸ್ವಿಚ್ಚಿಗೆ ಇನ್ನು ಅಪ್ಪಣೆ ಕೊಡುವ ಕೆಲಸ ಮಾತ್ರ. ಆಮೇಲೆ ಹೆಡ್‌ಲೈಟಿನ ಹಳದಿಗಟ್ಟಿದ ಪ್ಲಾಸ್ಟಿಕ್ ಗಾಜನ್ನು ನೀರು ಹಾಕಿ ನುಣುಪು ಉಪ್ಪುಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿದ. ಹಾಲಿನಂಥ ನೀರು ಇಳಿಯಿತು.

ಉಜ್ಜುತ್ತಲೇ, "ಸಾರ್, ನಿಮ್ ಕಣ್ಣು ತೋರ್ಸಿದ್ರಾ?" ಎಂದ. ಉಡಾಫೆ ಅನ್ನಿಸಿದರೂ ಲೆಕ್ಕ ಸರಿಯಾಗಿತ್ತು. ಇಪ್ಪತ್ತರ ಹುಡುಗನ ಕಣ್ಣಿನೊಳಕ್ಕೆ ಇಳಿಯುವ ಬೆಳಕಿನಲ್ಲಿ ಮೂರನೇ ಒಂದು ಪಾಲು ಮಾತ್ರ ಅರವತ್ತರ ಕಣ್ಣಿನೊಳಕ್ಕೆ ಇಳಿಯುತ್ತದಂತೆ. ಅರವತ್ತು ದಾಟಿದ ಮೇಲೆ ಪೊರೆ ಕಾರಿಗೆ ಮಾತ್ರ ಬರುತ್ತದೆಯೇ? ಡಾಕ್ಟರು ಬಲಗಣ್ಣಿನದನ್ನು ತೆಗೆದು ಹೊಸ ಲೆನ್ಸು ಕೂರಿಸಿದರು. ಎಡಗಣ್ಣಿನದು ಇನ್ನೂ ಬಲಿಯಲಿ ಎಂದಿದ್ದಾರೆ. ಸದ್ಯಕ್ಕೆ ಕಾರಿಗೆ ಎರಡು ಕಣ್ಣು, ನನಗೆ ಟ್ರ್ಯಾಕ್ಟರಿನ ಹಾಗೆ ಒಂದು.

ಉಳಿದದ್ದು ನೋಟ ಕೂಡಿಸುವುದು. ಸಮತಟ್ಟು ನೆಲದಲ್ಲಿ ಹತ್ತು ಮೀಟರ್ ದೂರದ ಗೋಡೆಯ ಮೇಲೆ ದೀಪದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರೆ, ಡಿಪ್ಪಿನ ಬೆಳಕಿನ ಮೇಲಂಚು ಅದಕ್ಕಿಂತ ಹತ್ತು ಸೆಂಟಿಮೀಟರಿನಷ್ಟು ಕೆಳಗಿರಬೇಕು. ಎಲೆಕ್ಟ್ರಿಷಿಯನ್ ಸ್ಕ್ರೂ ತಿರುವಿ ಅದನ್ನೂ ಮಾಡಿಕೊಟ್ಟ. ಬಲ್ಬು ಹಳೆಯದೇ, ಆದರೂ ಟಾರ್ಪಾಲಿನ ಮಡಿಕೆ, ಕಲ್ಲಿನ ಮೂಲೆ ಕಾಣತೊಡಗಿದವು.

ಮರುವಾರ ತೋಟದಿಂದ ಡಿಕ್ಕಿಯ ತುಂಬ ತೆಂಗಿನಕಾಯಿ ಮೂಟೆ ಹೇರಿಕೊಂಡು ಹೊರಟಾಗ ಕತ್ತಲಾಗಿತ್ತು. ಭಾರಕ್ಕೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಅದಕ್ಕೆಂದೇ ಸ್ಟೀರಿಂಗಿನ ಪಕ್ಕದಲ್ಲಿ ಸೊನ್ನೆಯಿಂದ ಮೂರರವರೆಗೆ ಅಂಕಿ ಬರೆದ ಚಕ್ರವೊಂದನ್ನು ಕೆಲವು ಕಾರುಗಳಲ್ಲಿ ಕೊಟ್ಟಿರುತ್ತಾರೆ. ನನ್ನದರಲ್ಲಿ ಆ ಜಾಗದಲ್ಲಿ ಒಂದು ಖಾಲಿ ಮುಚ್ಚಳವಿದೆ. ಅಷ್ಟು ಕಷ್ಟಪಟ್ಟು ಗೋಡೆಯ ಮೇಲೆ ಕೂಡಿಸಿದ ಬೆಳಕೆಲ್ಲ ತೆಂಗಿನ ಮರಗಳ ಸುಳಿ ಹುಡುಕುತ್ತ ಹೊರಟಿತು. ದಾರಿಬದಿಯ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದಳು: "ಕಿತ್ಕಂಡ್ ಬಂದಿದ್ದು ಸಾಲ್ದು ಅಂತ, ಮರದಾಗೆ ಇರೋದ್ನೂ ಎಣಿಸ್ಕಂತಾ ಇದೀಯೇನಪ್ಪಾ?"