ಶಿಸ್ತಿನ ಶಿವಪ್ಪನಾಯಕರಿಗೆ ಭದ್ರಾವತಿಯಿಂದ ಒಂದು ಅರ್ಜಿ

ಬಿದನೂರಿನ ಮಹಾಸ್ವಾಮಿಗಳಾದ ಶಿವಪ್ಪನಾಯಕರಲ್ಲಿ, ಭದ್ರಾವತಿ ಹಳೇನಗರದ ಬಡ ಪ್ರಜೆಯ ಅಡ್ಡಬಿದ್ದ ಅರಿಕೆ.

ಕಾರ್ಖಾನೆಯಿಂದ ರಿಟೈರಾದ ನಮ್ಮಣ್ಣ, ಮಗ ಕೊಡಿಸಿದ ಟಿಕೆಟ್ಟಿನಲ್ಲಿ ಕ್ರೂಸ್ ಹಡಗು ಹತ್ತಿ ಕ್ರೊಯೇಷಿಯಾದ ಡುಬ್ರೊವ್ನಿಕ್ ನೋಡಿಕೊಂಡು ಬಂದಿದ್ದಾನೆ. ಬೆಳಿಗ್ಗೆ ಇಳಿದು ಸಂಜೆಗೆ ಮತ್ತೆ ಹಡಗು ಹತ್ತಿದ್ದು. ವರ್ಣನೆ ಮಾತ್ರ ಇನ್ನೂ ಮುಗಿದಿಲ್ಲ. ಊರಿನ ಸುತ್ತ 1,940 ಮೀಟರ್ ಕೋಟೆಗೋಡೆಯಂತೆ, ಅದರ ಮೇಲೇ ನಡೆಯಬಹುದಂತೆ, ಕೆಳಗೆ ಸಮುದ್ರವಂತೆ. ಹಳೇ ಫಿರಂಗಿಯೊಂದನ್ನು ಬೆರಳಿನಿಂದ ಕುಟ್ಟಿ, ‘ಎರಕ ಪರವಾಗಿಲ್ಲ’ ಎಂದು ಸರ್ಟಿಫಿಕೇಟನ್ನೂ ಕೊಟ್ಟನಂತೆ. 1923ರಿಂದ ಕಬ್ಬಿಣ ಕರಗಿಸಿದ ಊರಿನವನಲ್ಲವೆ!

ಜನಜಂಗುಳಿ ತಾಳಲಾರದೆ ಆ ಊರಿನವರು 2019ರಿಂದ ದಿನಕ್ಕೆ ಎರಡೇ ಹಡಗು ಸಾಕು ಎಂದಿದ್ದಾರೆ. ಶಿವಮೊಗ್ಗದಲ್ಲಿರುವ ನಿಮ್ಮ ಹೆಸರಿನ ಅರಮನೆಗೆ ಇಂಥ ತೊಂದರೆ ಇಲ್ಲ, ನಿಶ್ಚಿಂತರಾಗಿರಿ. (ಅದು ಹೈದರಾಲಿ ಕಾಲದ್ದು ಎನ್ನುವ ವಿದ್ವಾಂಸರೂ ಇದ್ದಾರೆ; ಆ ತಕರಾರನ್ನು ನೀವಿಬ್ಬರೂ ಮೇಲೆಯೇ ಬಗೆಹರಿಸಿಕೊಳ್ಳಿ.) ಕೋಟೆ ರಸ್ತೆ ಇದೆ, ಕೋಟೆ ಆಂಜನೇಯ ಇದ್ದಾನೆ, ಕೋಟೆ ಪೊಲೀಸ್ ಠಾಣೆಯೂ ಇದೆ. ಕೋಟೆಯೊಂದನ್ನು ಮಾತ್ರ ಕೇಳಬೇಡಿ.

ಕಡಲ ಕೋಟೆಯೇ ಬೇಕಿದ್ದರೆ ನಿಮ್ಮ ಖಾತೆಯಲ್ಲಿ ಎಷ್ಟಿರಲಿಲ್ಲ? 1650ರ ದಶಕದಲ್ಲಿ ಹೊನ್ನಾವರ, ಗಂಗೊಳ್ಳಿ, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡವರು ನೀವು. ಮೆಣಸು, ಅಕ್ಕಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ಆ ಕರಾವಳಿಯಲ್ಲೇ. ಹೊನ್ನಾವರದೆದುರಿನ ಬಸವರಾಜದುರ್ಗ ದ್ವೀಪದಲ್ಲಿ ನಿಮ್ಮ ವಂಶದವರ ಜಂಬಿಟ್ಟಿಗೆ ಗೋಡೆ ಇನ್ನೂ ನಿಂತಿದೆ. ಇಷ್ಟನ್ನೂ ಅಣ್ಣನಿಗೆ ಹೇಳಿದೆ. ‘ಅಲ್ಲಿ ಬಫೆ ಇರುತ್ತೇನೋ?’ ಎಂದ.

ಆದ್ದರಿಂದ ಈ ಅರ್ಜಿ. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ದರ್ಜೆ ಮಾಡಿ ಕಂದಾಯ ಕಟ್ಟಿದ ತಾವು ಪ್ರವಾಸಿಗರಿಗೂ ಒಂದು ಶಿಸ್ತು ಮಾಡಬೇಕು. ಬಿದನೂರು ಕೋಟೆ ಹತ್ತಿದವರು ಉತ್ತಮ. ಮೊಬೈಲಿನಲ್ಲಿ ನೋಡಿ ಸುಮ್ಮನಾದವರು ಮಧ್ಯಮ. ಮದುವೆ ಫೋಟೊಗಷ್ಟೇ ಹೋದವರು ಕನಿಷ್ಠ. ಕಲ್ಲಿನ ಮೇಲೆ ಹುಡುಗಿಯ ಹೆಸರು ಕೆತ್ತಿದವರು ಅಧಮ. ಆಡ್ರಿಯಾಟಿಕ್ ಕಡಲಿನ ಕೋಟೆ ಸುತ್ತಿ, ಹೊಸನಗರ ತಾಲ್ಲೂಕಿನ ಕೋಟೆ ನೋಡದವರ ದರ್ಜೆಯನ್ನು ತಾವೇ ಊಹಿಸಬಹುದು. ತೆರಿಗೆಯನ್ನು ಯೂರೋದಲ್ಲೇ ವಸೂಲಿ ಮಾಡಿ.

ಕರಡು ಓದಿದ ಅಣ್ಣ ಆಗಲೇ ತಕರಾರು ಎತ್ತಿದ್ದಾನೆ: ‘ನಾನು ನೋಡಿಲ್ಲ ಅಂದವರ್ಯಾರು? ಕೊಲ್ಲೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಚೆನ್ನಾಗಿ ಕಂಡಿತ್ತು.’ ಆ ಹೊತ್ತಿನಲ್ಲಿ ಆತ ಎಚ್ಚರವಾಗಿದ್ದನೇ ಎಂದು ಅತ್ತಿಗೆಯನ್ನು ವಿಚಾರಿಸಿ ತೀರ್ಪು ಕೊಡಬೇಕಾಗಿ ಪ್ರಾರ್ಥನೆ.