ಬೈ-ಟು ಭಾವ

ಬೈ-ಟು ಕಾಫಿಯಲ್ಲಿ ನಿಜವಾಗಿ ಎಷ್ಟು ಕಾಫಿ ಇರುತ್ತದೆ ಎಂದು ಅಳೆದು ನೋಡಿದ ಮನುಷ್ಯ, ನನಗೆ ತಿಳಿದಂತೆ, ನಮ್ಮ ಭಾವ ಒಬ್ಬರೇ. ಬಸವನಗುಡಿಯ ಒಂದು ದರ್ಶಿನಿಯಲ್ಲಿ, ಮೊಮ್ಮಗುವಿನ ಕೆಮ್ಮಿನ ಔಷಧಿಯ ಅಳತೆ ಮುಚ್ಚಳವನ್ನು ಜೇಬಿನಿಂದ ತೆಗೆದು, ಸುತ್ತ ನಿಂತವರ ಕಣ್ಣಿಗೆ ಬೀಳುವಂತೆಯೇ ಈ ಪ್ರಯೋಗ ನಡೆಯಿತು. ಫುಲ್ ಕಾಫಿ 120 ಮಿಲಿ. ಬೈ-ಟು ಹೇಳಿದರೆ ಒಂದೊಂದು ಲೋಟದಲ್ಲಿ 70. ಕಾಫಿ ಹಾಕುವವನ ಕೈ ಅರ್ಧಕ್ಕೆ ನಿಲ್ಲುವುದಿಲ್ಲ, ಒಂದು ಹನಿ ಧಾರಾಳವಾಗಿಯೇ ಬಗ್ಗುತ್ತದೆ.

"120 ಕೊಟ್ಟು 140 ವಾಪಸ್ಸು. ನೂರಕ್ಕೆ 16 ಚಿಲ್ಲರೆ ಬಡ್ಡಿ ಆಯ್ತು. ಯಾವ ಬ್ಯಾಂಕು ಕೊಡುತ್ತೆ ಹೇಳು? ಅದೂ ನಿಂತ ಜಾಗದಲ್ಲೇ, ಟಿ.ಡಿ.ಎಸ್. ಇಲ್ಲದೆ!" ಎಂದು ಭಾವ ಮೀಸೆಗೆ ಹತ್ತಿದ ನೊರೆ ಒರೆಸಿಕೊಂಡರು.

ಇಂಥ ಒಬ್ಬರು ನಿಮ್ಮ ಮನೆಯಲ್ಲೂ ಇರುತ್ತಾರೆ. ಬ್ಯಾಂಕೋ, ಎ.ಜಿ. ಆಫೀಸೋ, ವಿದ್ಯುತ್ ಮಂಡಳಿಯೋ, ಒಟ್ಟಿನಲ್ಲಿ ಪಿಂಚಣಿ ಬರುವ ಕಡೆಯಿಂದ ನಿವೃತ್ತರಾದವರು. ಅಂಗಿ ಜೇಬಿನಲ್ಲಿ ಪೆನ್ನು, ಆ ಪೆನ್ನಿಗೆ ಸಿಕ್ಕಿಸಿದ ಬಸ್ ಟಿಕೆಟ್ಟು, ಟಿಕೆಟ್ಟಿನ ಹಿಂದೆ ಕೂಡಿಸಿದ ಲೆಕ್ಕ. ಜನ ಇವರನ್ನು ಜಿಪುಣ ಅಂದುಬಿಡುತ್ತಾರೆ. ಅದು ತಪ್ಪು. ಜಿಪುಣ ಹೋಟೆಲಿನ ಮುಂದೆ ವಾಸನೆ ಕುಡಿದು ಹೋಗುತ್ತಾನೆ. ಭಾವ ದಿನಕ್ಕೆ ಎರಡು ಸಲ ಒಳಗೆ ಹೋಗುತ್ತಾರೆ. ಜಿಪುಣ ಒಂಟಿಯಾಗಿ ಬದುಕಬಲ್ಲ. ಬೈ-ಟು ಕುಡಿಯುವವನಿಗೆ ಇನ್ನೊಬ್ಬ ಬೇಕೇ ಬೇಕು.

ಭಾವನವರ ಸ್ನೇಹವಲಯ ಬೆಳೆದದ್ದೇ ಈ ಇನ್ನೊಬ್ಬನ ಹುಡುಕಾಟದಲ್ಲಿ. ಜೊತೆಗೆ ಯಾರೂ ಇಲ್ಲದ ದಿನ ಟೋಕನ್ ಕೊಳ್ಳುವ ಸಾಲಿನಲ್ಲಿ ಮುಂದಿದ್ದವರ ಭುಜ ಮುಟ್ಟಿ, "ಸಾರ್, ಕಾಫೀನಾ? ಬೈ-ಟು ಮಾಡೋಣ್ವಾ?" ಎಂದು ಕೇಳುತ್ತಾರೆ. ಪತ್ರಿಕೆಗಳಲ್ಲಿ ಆರ್ಥಿಕ ಹಿಂಜರಿತ ಎಂಬ ಮಾತು ಬಂದಾಗಲೆಲ್ಲ ನನಗೆ ನಗು ಬರುತ್ತದೆ, ಏಕೆಂದರೆ ಆರ್ಥಿಕ ವಿಷಯದಲ್ಲಿ ಭಾವ ಹಿಂಜರಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹೀಗೆ ಸಿಕ್ಕವರಲ್ಲಿ ಒಬ್ಬರು ಅವರ ಮಗಳಿಗೆ ಗಂಡು ತೋರಿಸಿದರು. ಇನ್ನೊಬ್ಬರು ಹೃದಯದ ಡಾಕ್ಟರು. ಭಾವ ಇಂದಿಗೂ ಅವರಿಗೆ ಫೀಸು ಕೊಟ್ಟಿಲ್ಲ, ಕಾಫಿಯ ಅರ್ಧ ದುಡ್ಡನ್ನು ಮಾತ್ರ ಪ್ರತಿ ಸಲವೂ ತಪ್ಪದೆ ಕೊಡುತ್ತಾರೆ.

ಮನೆಯಲ್ಲೂ ಇದೇ ಆಡಳಿತ. ದಿನಪತ್ರಿಕೆ ಏಳೂವರೆಯವರೆಗೆ ಎದುರುಮನೆಯವರದು, ಆಮೇಲೆ ಇವರದು. ರದ್ದಿಯ ದುಡ್ಡು ಸಮಪಾಲು. ಮಾವಿನಹಣ್ಣಿನ ಹೋಳು ಮಕ್ಕಳಿಗೆ, ಓಟೆ ತಮಗೆ. ರುಚಿಯೆಲ್ಲ ಓಟೆಗೆ ಅಂಟಿಕೊಂಡಿರುತ್ತದೆ ಎಂಬ ಅವರ ಸಿದ್ಧಾಂತವನ್ನು ಅಲ್ಲಗಳೆಯುವುದು ಕಷ್ಟ. ಓಟೆ ಚೀಪುವಾಗಿನ ಅವರ ಮುಖ ನೋಡಿದ ಮಕ್ಕಳು ಹೋಳು ಬಿಟ್ಟು ಅದಕ್ಕೇ ಜಗಳ ತೆಗೆಯುತ್ತಿದ್ದವು. ಮೈಸೂರು ದಸರಾಕ್ಕೆ ಅವರು ಹೋಗುವುದು ದಸರಾ ಮುಗಿದ ಮೇಲೆ. ಜಂಬೂಸವಾರಿ ಟೀವಿಯಲ್ಲಿ ಆಗಿರುತ್ತದೆ, ಬೀದಿಯ ದೀಪಾಲಂಕಾರ ಇನ್ನೂ ಇಳಿದಿರುವುದಿಲ್ಲ, ರೂಮಿನ ಬಾಡಿಗೆ ಇಳಿದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರು ಒಪ್ಪುವುದಿಲ್ಲ. "ಅಷ್ಟು ಯಾಕೆ ಚಾಚಬೇಕು? ಸ್ವಲ್ಪ ಮಡಿಸ್ಕೊಂಡ್ರೆ ಇನ್ನೊಬ್ಬರು ಮಲಗಬಹುದಲ್ಲ."

ಇಂಥವರ ಸುಗ್ಗಿ ಬರುವುದು ದೇಶಕ್ಕೆ ಕಷ್ಟ ಬಂದಾಗ.

1991ರ ಜುಲೈನಲ್ಲಿ ವಿದೇಶಿ ವಿನಿಮಯ ತಳ ಕಂಡು, ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಿಗೆ ಅಡ ಇಟ್ಟಿತಲ್ಲ, ಆ ಸುದ್ದಿ ಓದಿ ಊರೆಲ್ಲ ತಲೆ ತಗ್ಗಿಸಿತ್ತು. ಭಾವನವರ ಮುಖದಲ್ಲಿ ಮಾತ್ರ ಕಳೆ. ಅಕ್ಕ ಮದುವೆಯಾದಾಗಿನಿಂದ ಒಂದು ಜೊತೆ ಜುಮಕಿ ಕೇಳುತ್ತಿದ್ದಳು. ಅಲ್ಲಿಯವರೆಗೆ ಹೇಳಲು ಒಂದು ಗಟ್ಟಿ ಕಾರಣ ಸಿಕ್ಕಿರಲಿಲ್ಲ. ಅಂದು ಪತ್ರಿಕೆಯನ್ನು ಊಟದ ತಟ್ಟೆಯ ಪಕ್ಕ ಹರಡಿ, "ನೋಡು, ದೇಶವೇ ಕಿವಿಯದು ಕೈಯದು ಬಿಚ್ಚಿ ಅಡ ಇಟ್ಟಿದೆ. ಇಂಥ ಹೊತ್ತಲ್ಲಿ ನಾವು ಜುಮಕಿ ಹಾಕ್ಕೊಂಡು ಓಡಾಡೋದಾ?" ಎಂದರು. ದೇಶ ಆ ವರ್ಷ ಮುಗಿಯುವುದರೊಳಗೆ ಸಾಲ ತೀರಿಸಿತು. ಅಕ್ಕನ ಕಿವಿಗೆ ಆ ಸುದ್ದಿಯೂ ಬೀಳಲಿಲ್ಲ, ಜುಮಕಿಯೂ ಬೀಳಲಿಲ್ಲ.

ಒಳ್ಳೆಯ ಕಾಲ ಬಂದರೆ ಇವರು ಬಾಡುತ್ತಾರೆ. 1988ರಲ್ಲಿ ಕಿಸಾನ್ ವಿಕಾಸ ಪತ್ರ ಬಂದಾಗ ಇಟ್ಟ ದುಡ್ಡು ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. ಮಗಳ ಹೆಸರಲ್ಲಿ ಒಂದು ತೆಗೆದು, ಮಗಳಿಗಿಂತ ಅದು ಬೇಗ ಬೆಳೆಯುವುದನ್ನು ನೋಡುತ್ತ ಭಾವ ಸುಖವಾಗಿದ್ದರು. ಆಮೇಲೆ ಬಡ್ಡಿ ಇಳಿಯುತ್ತ ಬಂತು. (ಈಚಿನ ಲೆಕ್ಕದಲ್ಲಿ 115 ತಿಂಗಳು ಕಾಯಬೇಕು.) ಅತ್ತ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ದುಡ್ಡು ಹರಿಯತೊಡಗಿತು. ನಾನೂ ಆ ಹೊಳೆಯಲ್ಲಿ ಕಾಲಿಟ್ಟವನೇ. 2007ರಲ್ಲಿ ಫ್ಲ್ಯಾಟಿಗೆ ಒಂದು ಇ.ಎಂ.ಐ., ಕಾರಿಗೆ ಒಂದು. ಭಾವನನ್ನು ಒಂದು ಮಾಲಿಗೆ ಕರೆದುಕೊಂಡು ಹೋಗಿ 90 ರೂಪಾಯಿಯ ಕ್ಯಾಪುಚಿನೊ ಕೊಡಿಸಿದೆ. ಬೈ-ಟು ಆಗುತ್ತದೆಯೇ ಎಂದು ಅವರು ಕನ್ನಡದಲ್ಲಿ ಕೇಳಿದರು, ಹುಡುಗ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಭಾವ ಚಮಚೆಯಿಂದ ನೊರೆಯನ್ನು ಮೆಲ್ಲಗೆ ಸರಿಸಿ, ಬಾವಿಗೆ ಬಗ್ಗಿ ನೋಡುವವರಂತೆ ನೋಡಿದರು.

"ಮುಕ್ಕಾಲು ನೊರೆಯೇ ಇದೆಯಲ್ಲೋ."

"ಅದು ಹಾಗೇ ಭಾವ."

"ಆರಲಿ ತಡಿ. ಆಮೇಲೆ ಎಷ್ಟಿದೆ ನೋಡೋಣ."

2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿದಾಗ ನಾನು ಈ ಮಾತನ್ನು ಆಫೀಸಿನಲ್ಲಿ ಹೇಳಿ ನಗಿಸಿದ್ದೆ. ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಮುಳುಗಿತು. ಅಕ್ಟೋಬರಿನಲ್ಲಿ ಸೆನ್ಸೆಕ್ಸ್ 9,000ದ ಕೆಳಗೆ ಹೋಯಿತು. ನಮ್ಮ ಕಂಪನಿಯಲ್ಲಿ ಹುಡುಗರು ಒಬ್ಬೊಬ್ಬರಾಗಿ ಬೆಂಚಿಗೆ ಹೋದರು, ಬೆಂಚಿನಿಂದ ಮನೆಗೆ ಹೋದರು. ನನ್ನ ಸಂಬಳದಲ್ಲಿ ಕಾಲು ಭಾಗ ಕತ್ತರಿಸಿದರು. ಭಾವ ಫೋನ್ ಮಾಡಿ ಮೂರೇ ಶಬ್ದ ಹೇಳಿದರು. "ನೊರೆ ಇಳೀತಾ ಮರಿ?"

ಆ ಚಳಿಗಾಲದಲ್ಲಿ ಪ್ರತಿ ಭಾನುವಾರ ಅವರ ಮನೆಯಲ್ಲಿ ದರ್ಬಾರು. ಹಿಂದೆ ಅವರನ್ನು ಆಡಿಕೊಂಡ ಅಳಿಯಂದಿರು, ಭಾವಮೈದುನರು, ಅಪಾರ್ಟ್‌ಮೆಂಟಿನವರು ಕ್ರೆಡಿಟ್ ಕಾರ್ಡಿನ ಬಿಲ್ಲು ಹಿಡಿದು ಸಾಲಾಗಿ ಕೂತಿರುತ್ತಿದ್ದರು, ಜಾತಕ ತೋರಿಸಲು ಬಂದವರ ಹಾಗೆ. ಖರ್ಚು ಪೂರಾ ನಿಲ್ಲಿಸಿ ಎಂದು ಭಾವ ಯಾರಿಗೂ ಹೇಳಲಿಲ್ಲ. ಹೊರಗಿನ ಊಟ ಪೂರಾ ಬಿಟ್ಟ ಒಬ್ಬ ಹುಡುಗನನ್ನು ಬೈದೇಬಿಟ್ಟರು. "ಬಿಟ್ಟವನು ಮೂರು ತಿಂಗಳಿಗೆ ಹುಚ್ಚು ಹಿಡಿದು ಒಂದೇ ದಿನ ಎಲ್ಲ ತಿಂತಾನೆ. ಒಂದು ಮಸಾಲೆದೋಸೆ, ಎರಡು ತಟ್ಟೆ. ಹೆಂಡತಿ ಜೊತೆ ಹೋಗು. ಚಟ್ನಿ ಎಷ್ಟು ಸಲ ಕೇಳಿದ್ರೂ ಹಾಕ್ತಾರೆ."

ಕಷ್ಟಕಾಲವೇ ನಾಲಿಗೆಯನ್ನು ಬೆಳೆಸಿದ್ದು ಎಂಬುದು ಅವರ ವಾದ. ಅದಕ್ಕೆ ರವೆ ಇಡ್ಲಿಯೇ ಸಾಕ್ಷಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದ್ದು ಅದು ಎಂದು ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ. "ಅಕ್ಕಿ ಧಾರಾಳವಾಗಿ ಸಿಕ್ಕಿದ್ದಿದ್ರೆ ರವೆ ಇಡ್ಲಿ ಎಲ್ಲಿಂದ ಬರ್ತಿತ್ತು?" ಎಂದು ದರ್ಬಾರಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಒಳಗಿನಿಂದ ಬಂದ ರವೆ ಇಡ್ಲಿಯನ್ನು ಎರಡು ಹೋಳು ಮಾಡುತ್ತಿದ್ದರು.

ಅವರನ್ನು ತಡವಿದವಳು ಮಗಳೊಬ್ಬಳೇ. ಅವಳು ಅರ್ಥಶಾಸ್ತ್ರ ಓದಿದವಳು. ಒಬ್ಬ ಉಳಿಸಿದರೆ ಜಾಣತನ, ಕೆಟ್ಟ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಉಳಿಸಲು ಹೊರಟರೆ ಅಂಗಡಿ ಮುಚ್ಚಿ, ಕೆಲಸ ಹೋಗಿ, ಉಳಿಸಲು ಸಂಬಳವೇ ಇರುವುದಿಲ್ಲ. ಕೇನ್ಸ್ 1936ರಷ್ಟು ಹಿಂದೆಯೇ ಇದನ್ನು ಬರೆದಿದ್ದಾನೆ ಎಂದಳು. ದರ್ಬಾರು ಒಂದು ಗಳಿಗೆ ತಣ್ಣಗಾಯಿತು. ಭಾವ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. "ಎಲ್ಲರೂ ನನ್ನ ಹಾಗೆ ಆಗ್ತಾರೆ ಅಂತ ಆ ಪುಣ್ಯಾತ್ಮನಿಗೆ ಯಾರು ಹೇಳಿದ್ರು? ಸಂಬಳ ಸರಿಹೋದ ಮೊದಲನೇ ತಿಂಗಳು ಇವರೆಲ್ಲ ಎಲ್ಲಿರ್ತಾರೆ, ನೋಡು." ನಾವೆಲ್ಲ ಮಾಲಿನಲ್ಲಿದ್ದೆವು.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ನಿಂತಾಗ ಬೇರೆಯದೇ ಒಂದು ಲೆಕ್ಕ ಹೊರಬಿತ್ತು. ಅಕ್ಕ ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ, ಹಳೆಯ ಹಾರ್ಲಿಕ್ಸ್ ಬಾಟಲಿ ತಂದು ಊಟದ ಮೇಜಿನ ಮೇಲೆ ಬಗ್ಗಿಸಿದಳು. 63,500 ರೂಪಾಯಿ. ಎಲ್ಲವೂ ಒಗ್ಗರಣೆಯ ಘಮ. ಭಾವ ಸಾಮಾನಿಗೆಂದು ಕೊಟ್ಟ ದುಡ್ಡನ್ನೇ ಅವಳು ಅಷ್ಟು ವರ್ಷ ಬೈ-ಟು ಮಾಡುತ್ತ ಬಂದಿದ್ದಳು. ನಾವೆಲ್ಲ ಜಗಳ ಕಾದೆವು. ಭಾವ ಕನ್ನಡಕ ಹಾಕಿಕೊಂಡು, "ಎಷ್ಟು ವರ್ಷದ್ದು?" ಎಂದರು. ಹದಿನೆಂಟು ಎಂದಳು ಅಕ್ಕ. ಟಿಕೆಟ್ಟಿನ ಹಿಂದೆ ಏನೋ ಕೂಡಿಸಿದರು, ಗುಣಿಸಿದರು, ಕುರ್ಚಿಗೆ ಒರಗಿದರು. "ಆರ್.ಡಿ. ಮಾಡಿದ್ರೆ ಇಷ್ಟೊತ್ತಿಗೆ ಡಬಲ್ ದಾಟ್ತಿತ್ತಲ್ಲೇ…" ಕಳೆದುಹೋದ ಬಡ್ಡಿಗೆ ಮೂರು ದಿನ ಸೂತಕದವರಂತೆ ಇದ್ದರು.

ದುಡ್ಡು ಅವಳ ಖಾತೆಗೇ ಹೋಯಿತು. ಹೊಸ ನೋಟು ಕೈಗೆ ಬಂದ ಮೇಲೆ, ಅರ್ಧ ಎಫ್.ಡಿ., ಅರ್ಧ ನಿನಗೆ ಬೇಕಾದ್ದು ಎಂದು ಭಾವ ಸೂಚಿಸಿದರು.

"ಜುಮಕಿ ಜೊತೇಲೇ ಬರೋದು ರೀ. ಅದರಲ್ಲಿ ಬೈ-ಟು ಆಗಲ್ಲ" ಎಂದಳು ಅಕ್ಕ. ಇಪ್ಪತ್ತೈದು ವರ್ಷದ ಮೇಲೆ ಜುಮಕಿ ಬಂತು. ಹೊಸದರಲ್ಲಿ ಅವಳು ಹಾಲಿನವನು ಬಂದರೂ ಅದನ್ನು ಹಾಕಿಕೊಂಡೇ ಬಾಗಿಲು ತೆಗೆಯುತ್ತಿದ್ದಳು.

2020 ಭಾವನವರ ಮಹಾಸುಗ್ಗಿ ಆಗಬೇಕಿತ್ತು. ಲಾಕ್‌ಡೌನಿನಲ್ಲಿ ಇಡೀ ದೇಶ ಖರ್ಚು ನಿಲ್ಲಿಸಿತ್ತು. ಕಾರುಗಳು ನಿಂತಲ್ಲೇ ದೂಳು ಹಿಡಿದಿದ್ದವು, ಮದುವೆಗಳು ಐವತ್ತೇ ಜನದಲ್ಲಿ ಮುಗಿಯುತ್ತಿದ್ದವು. ಸಂಬಳ ಕಡಿತದ ಸುದ್ದಿ ಮತ್ತೆ ಬಂತು. ದರ್ಬಾರಿಗೆ ನಾವು ಫೋನಿನಲ್ಲಿ ಸಿದ್ಧರಾಗಿದ್ದೆವು. ಆದರೆ ಭಾವ ಮಾತೇ ಆಡಲಿಲ್ಲ. ಎಫ್.ಡಿ. ಬಡ್ಡಿ ಐದೂವರೆಯ ಆಸುಪಾಸಿಗೆ ಬಂದದ್ದಕ್ಕೆ ಬೇಜಾರೇನೋ ಎಂದುಕೊಂಡೆ. ಅಕ್ಕನನ್ನು ಕೇಳಿದೆ.

"ಅದಲ್ಲ ಕಣೋ. ತಿಂಗಳ ಖರ್ಚು ಅರ್ಧಕ್ಕಿಂತ ಕಡಿಮೆ ಆಗಿದೆ. ಪಾಸ್‌ಬುಕ್ಕು ತುಂಬಿ ಕೂತಿದೆ. ಇವರು ತೆಗೆದೂ ನೋಡಲ್ಲ. ಎಲ್ಲ ತಾನಾಗೇ ಉಳೀತಿದೆಯಂತೆ, ಉಳಿಸೋಕೆ ಏನೂ ಇಲ್ಲವಂತೆ."

ಮನೆಯ ಕಾಫಿಯೂ ಅವರಿಗೆ ರುಚಿಸಲಿಲ್ಲ. ಅಕ್ಕ ಲೋಟದ ತುಂಬ ಕೊಡುತ್ತಿದ್ದಳು.

ಜೂನ್ 8ಕ್ಕೆ ಹೋಟೆಲುಗಳಲ್ಲಿ ಕುಡಿಯಲು, ತಿನ್ನಲು ಮತ್ತೆ ಅನುಮತಿ ಸಿಕ್ಕಿತು. ಮೂರು ದಿನದ ಮೇಲೆ ಬೆಳಗ್ಗೆ ಹತ್ತೂವರೆಗೆ ಭಾವನ ಫೋನು. ಹಿಂದೆ ಲೋಟದ ಸದ್ದಿಲ್ಲ, ಜನರ ಗದ್ದಲವಿಲ್ಲ.

"ದರ್ಶಿನಿ ಹತ್ರ ಇದೀನಿ ಕಣೋ. ಯಾರೂ ಇಲ್ಲ. ಒಬ್ಬರನ್ನ ಕೇಳಿದೆ, ಮಾಸ್ಕು ಮೇಲೆ ಎಳ್ಕೊಂಡು ದೂರ ಹೋದ್ರು."

"ಹಾಗಾದ್ರೆ ಕುಡೀಲೇ ಇಲ್ವಾ?"

"ಫುಲ್ ತಗೊಂಡೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಾಯಿಗೆ ಇಡೋ ಮೊದಲೇ ಅರ್ಧ ಇನ್ನೊಂದು ಪೇಪರ್ ಕಪ್ಪಿಗೆ ಬಗ್ಗಿಸಿಟ್ಟಿದೀನಿ. ಮುಚ್ಚಳನೂ ಹಾಕಿದೀನಿ. ಬರ್ತೀಯಾ? ಆರಿಹೋಗುತ್ತೆ."

ನಮ್ಮ ಮನೆಯಿಂದ ಅಲ್ಲಿಗೆ 11 ಕಿಲೋಮೀಟರು. ಕಾಫಿ 15 ರೂಪಾಯಿ, ಅದರ ಅರ್ಧ ಏಳೂವರೆ. ಆಟೋದವನು ಮೀಟರ್ ಮೇಲೆ ಒಂದೂವರೆ ಎಂದ. ಹತ್ತಿದೆ.

ಫುಟ್‌ಪಾತಿನ ಕಟ್ಟೆಯ ಮೇಲೆ, ತಮ್ಮಿಂದ ಸರಿಯಾಗಿ ಆರಡಿ ದೂರದಲ್ಲಿ, ಕಪ್ಪು ಇಟ್ಟುಕೊಂಡು ಭಾವ ಕೂತಿದ್ದರು. ಮುಚ್ಚಳ ತೆಗೆದರೆ ಕಾಫಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ನಾನು ಕುಡಿಯುವುದನ್ನೇ ನೋಡುತ್ತ ತಮ್ಮದನ್ನೂ ಗುಟುಕರಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಕೇಳಿದರು.

"ಹೇಗೆ ಬಂದೆ?"

"ಬಸ್ಸಲ್ಲಿ ಭಾವ" ಎಂದೆ.